ಉಪ್ಪು ಬಿಡುವ ಗೋಡೆ

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನನಗೂ ಮೇಸ್ತ್ರಿ ರಫೀಕನಿಗೂ ಒಂದು ಜಗಳ ಇದ್ದದ್ದೇ. ಮಾಡಿನ ಮೇಲೆ ಹತ್ತಿ ಹೆಂಚು ಕೈಯಾಡಿಸಿ, ಒಡೆದದ್ದನ್ನು ತೆಗೆದು ಬೇರೆ ಹಾಕಿ, ಸೂರಿನಲ್ಲಿ ಸಿಕ್ಕಿಕೊಂಡ ಎಲೆ ಕಸ ಬಾಚಿ ಕೆಳಗಿಳಿಯುವ ತನಕ ಅವನು ನನ್ನ ಮಾತು ಮೀರುವುದಿಲ್ಲ. ಈಶಾನ್ಯದ ಕೋಣೆಗೆ ಕಾಲಿಟ್ಟ ಕೂಡಲೇ ಅವನ ವರಸೆ ಬದಲಾಗುತ್ತದೆ. ಗೋಡೆಯ ಬುಡವನ್ನೊಮ್ಮೆ ಬೆರಳಿನಿಂದ ಕೆರೆದು, ಉದುರಿದ ಪುಡಿಯನ್ನು ನನಗೆ ತೋರಿಸಿ, ರೋಗಿಯ ಮನೆಯವರ ಮುಂದೆ ಡಾಕ್ಟರು ನಿಲ್ಲುವ ಹಾಗೆ ನಿಲ್ಲುತ್ತಾನೆ.

"ಅಕ್ಕ, ಈ ಕಾಲದಲ್ಲಿ ಯಾರು ಗೋಡೆಗೆ ಮಣ್ಣು ಮೆತ್ತಿ ಮತ್ತೆ ಕೆರೆದು ಬಿಸಾಡ್ತಾರೆ? ವಾಟರ್‌ಪ್ರೂಫ್ ಪುಟ್ಟಿ ಬಂದಿದೆ. ಎರಡು ಕೋಟ್ ಹೊಡೆದ್ರೆ ಹತ್ತು ವರ್ಷ ತಿರುಗಿ ನೋಡೋದು ಬೇಡ."

ಹತ್ತು ವರ್ಷ ತಿರುಗಿ ನೋಡದೆ ಇರುವುದಕ್ಕೆ ಮನೆ ಯಾಕೆ ಬೇಕು ಎಂದು ನಾನು ಕೇಳುತ್ತೇನೆ. ನಾಲ್ಕನೇ ಕ್ಲಾಸಿನಲ್ಲಿ ಅವನಿಗೆ ಮಗ್ಗಿ ಕಲಿಸಿದವಳು ನಾನೇ ಆದ್ದರಿಂದ ಅವನು ಎದುರುತ್ತರ ಕೊಡುವುದಿಲ್ಲ. ಗೊಣಗಿಕೊಂಡು ಹೋಗಿ ಗದ್ದೆಯ ಮಣ್ಣು, ಭತ್ತದ ಹೊಟ್ಟು ತಂದು ಕಲಸುತ್ತಾನೆ. ಸೋಮವಾರಪೇಟೆಯಲ್ಲಿ ಟೀಚರಮ್ಮನಿಗೆ ಒಂದು ಗೋಡೆಯ ಹುಚ್ಚು ಇದೆ ಎಂದು ಅವನು ಹೇಳಿಕೊಂಡು ತಿರುಗುವುದು ನನಗೆ ಗೊತ್ತು. ಹುಚ್ಚು ಹೌದು, ಆದರೆ ಅದು ನನ್ನದಲ್ಲ. ನನಗೆ ಒಂಬತ್ತು ವರ್ಷವಾಗಿದ್ದಾಗ ಅವ್ವನಿಂದ ಬಂದದ್ದು.

ಅದಕ್ಕೆ ಮೊದಲು ನಮಗೆ ಮನೆ ಅಂತ ಇರಲಿಲ್ಲ. ಚೆಟ್ಟಳ್ಳಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ರೈಟರ್. ಬೆಳಗ್ಗೆ ಆಳುಗಳ ಹಾಜರಿ ಹಾಕುವುದು, ಪಿಕ್ಕಿಂಗ್ ಕಾಲದಲ್ಲಿ ಸಂಜೆ ಕೊಯ್ದ ಕಾಫಿ ಹಣ್ಣು ಅಳೆಸಿ ಬರೆದಿಡುವುದು ಅವನ ಕೆಲಸ. ಆಳುಗಳಿಗೆ ಲೈನ್ ಮನೆ, ನಮಗೆ ಕ್ವಾರ್ಟರ್ಸು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಹಂಡೆ ಹೂಡಿದ ಬಚ್ಚಲು. ಮನೆಯೇನೋ ಗಟ್ಟಿಯಾಗಿತ್ತು, ಆದರೆ ಅದಕ್ಕೊಂದು ನಿಯಮವಿತ್ತು: ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ವರ್ಷಕ್ಕೊಮ್ಮೆ ಮ್ಯಾನೇಜರ್ ಬಂದು ಗೋಡೆಗಳನ್ನು ಕಣ್ಣಿನಿಂದಲೇ ಸವರಿ ಹೋಗುತ್ತಿದ್ದರು. ಹಾಗಾಗಿ ನಮ್ಮ ಕ್ಯಾಲೆಂಡರು ಕಿಟಕಿಯ ಸರಳಿಗೆ ತೂಗುತ್ತಿತ್ತು, ಕನ್ನಡಿ ಅಕ್ಕಿ ಡಬ್ಬದ ಮೇಲೆ ಒರಗಿ ಕೂತಿರುತ್ತಿತ್ತು, ಅಪ್ಪನ ಅಂಗಿ ಬಾಗಿಲ ಮೇಲೆ. ಅವ್ವ ಕೂದಲು ಬಾಚಬೇಕಾದರೆ ಅಕ್ಕಿ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂರಬೇಕಿತ್ತು. ಹನ್ನೊಂದು ವರ್ಷದಲ್ಲಿ ಮೂರು ಸಲ ನಮ್ಮನ್ನು ಒಂದು ಕ್ವಾರ್ಟರ್ಸಿನಿಂದ ಇನ್ನೊಂದಕ್ಕೆ ಎಬ್ಬಿಸಿದರು. ಮೂರು ಸಲವೂ ಅವ್ವ ನೆಟ್ಟ ಮಲ್ಲಿಗೆ ಆಗತಾನೆ ಮೊಗ್ಗು ಬಿಟ್ಟಿತ್ತು. ಆ ಮಲ್ಲಿಗೆಯ ಮಾತು ಬಂದರೆ ಅವ್ವ ರೊಟ್ಟಿ ತಟ್ಟುವ ಸದ್ದು ಜೋರಾಗುತ್ತಿತ್ತು, ಅಪ್ಪ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ.

ಅಜ್ಜಿ, ಅಂದರೆ ಅಪ್ಪನ ತಾಯಿ, ನಮ್ಮ ಜೊತೆಗೇ ಇದ್ದಳು. ಅವಳ ಬಗ್ಗೆ ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈ ಕತೆಯೆಲ್ಲ ಅವಳ ಮೂಗಿನ ಮೇಲೆ ನಿಂತಿದೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಅಜ್ಜಿ ಬೆಳಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು, ವಿಭೂತಿ ಪತ್ರೆ ಇಟ್ಟು ಪೂಜೆ ಮುಗಿಸುವ ತನಕ ನೀರೂ ಮುಟ್ಟುತ್ತಿರಲಿಲ್ಲ. ಕರಿಬೇವು ಒಂದು ದಿನ ಹಳೆಯದಾದರೆ ಒಗ್ಗರಣೆಯ ಹೊಗೆಯಲ್ಲೇ ಕಂಡುಹಿಡಿಯುತ್ತಿದ್ದಳು. ಮೀನು ಎಂಬ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿಯೇ ಇಲ್ಲ. ಅದಕ್ಕೆ ಅವಳ ಹೆಸರು 'ಅದು'. ಸಂತೆಯಲ್ಲಿ ಮೀನಿನ ಸಾಲು ಬಂದರೆ 'ಅದರ ಬೀದಿ' ಎಂದು ಸುತ್ತು ಬಳಸಿ ಹೋಗುತ್ತಿದ್ದಳು. ಅವಳು ಆಡದ ಮಾತನ್ನು ನಾವೂ ಆಡುತ್ತಿರಲಿಲ್ಲ.

ಅಪ್ಪನಿಗೆ ಸೋಮವಾರಪೇಟೆಯ ಒಂದು ಕಾಫಿ ಗೋದಾಮಿನಲ್ಲಿ ಕೆಲಸ ಸಿಕ್ಕಾಗ ಅವ್ವ ಒಂದೇ ಮಾತು ಹೇಳಿದಳಂತೆ, ಬಾಡಿಗೆ ಮನೆಗೆ ನಾನು ಬರುವುದಿಲ್ಲ ಅಂತ. ದುಡ್ಡು ಹೊಂದಿಸಿದ ಕತೆ ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ, ಅದನ್ನು ಇಲ್ಲಿ ಹೇಳುವುದಿಲ್ಲ. ಊರ ಅಂಚಿನಲ್ಲಿ ಒಂದು ಹೆಂಚಿನ ಮನೆ ಮಾರಾಟಕ್ಕಿತ್ತು. ಅದರ ಯಜಮಾನರು ವಾಸಣ್ಣ, ಘಟ್ಟದ ಕೆಳಗಿನ ಕಡಲ ತೀರದವರು. ಇಪ್ಪತ್ತು ವರ್ಷದಿಂದ ಸೋಮವಾರದ ಸಂತೆಯಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದವರು. ಅವರ ಅಣ್ಣ ತೀರಿಕೊಂಡು, ಕಡಲ ದಡದಲ್ಲಿದ್ದ ಹಿರಿಯರ ಮನೆ ನೋಡಿಕೊಳ್ಳುವವರಿಲ್ಲದೆ ಬೀಳುವ ಹಾಗಾಗಿತ್ತು. ಅದನ್ನು ಉಳಿಸಿಕೊಳ್ಳಲು ಇದನ್ನು ಮಾರಿ ಹೋಗುವವರಿದ್ದರು.

ನಾವು ಮನೆ ನೋಡಲು ಹೋದದ್ದು ಯುಗಾದಿ ಕಳೆದ ಮೇಲೆ, ಒಣ ಬಿಸಿಲಿನಲ್ಲಿ. ಮನೆ ಖಾಲಿ ಮಾಡಿ, ತೊಳೆದು, ಗೋಡೆಗೆಲ್ಲ ಹೊಸ ಸುಣ್ಣ ಹೊಡೆಸಿದ್ದರು. ಅಗಲವಾದ ಜಗುಲಿ, ಗಾಳಿಯಾಡುವ ನಡುಮನೆ, ಹೊಗೆ ಹೋಗಲು ಗೂಡಿರುವ ಅಡುಗೆಮನೆ. ವಾಸಣ್ಣನ ಹೆಂಡತಿ ಗಿರಿಜಕ್ಕ ನಮಗೆ ಬೆಲ್ಲದ ಪಾನಕ ಮಾಡಿ ಕೊಟ್ಟರು. ಅಜ್ಜಿ ತನಗೆ ಬಾಯಾರಿಕೆ ಇಲ್ಲ ಎಂದಳು. ಆಮೇಲೆ ಒಂದೊಂದೇ ಕೋಣೆ ನೋಡುತ್ತಾ ಈಶಾನ್ಯದ ಕೋಣೆಯಲ್ಲಿ ನಿಂತಳು. ಅಲ್ಲಿ ಮಧ್ಯಾಹ್ನದ ಬಿಸಿಲು ಬೀಳುತ್ತಿರಲಿಲ್ಲ, ನೆಲ ತಣ್ಣಗಿತ್ತು. ಲಿಂಗಪೂಜೆಗೆ ದಿಕ್ಕೂ ಸರಿ, ತಂಪೂ ಸರಿ ಎಂದು ಅವಳ ಮುಖ ಅರಳಿತು. ಆದರೂ ಒಂದು ಮಾತು ಕೇಳಿದಳು.

"ಈ ಕೋಣೇಲಿ ಏನ್ ಮಡಗ್ತಿದ್ರಿ?"

"ಸಾಮಾನು ಇಡ್ತಿದ್ದದ್ದು ಅಮ್ಮ," ಎಂದರು ವಾಸಣ್ಣ.

ಯಾವ ಸಾಮಾನು ಎಂದು ಅಜ್ಜಿ ಕೇಳಬೇಕಿತ್ತು. ಕೇಳಬೇಕಾದರೆ ಆ ಮಾತು ಆಡಬೇಕಿತ್ತು. ಮುಂದೆ ಲಿಂಗಪೂಜೆ ಮಾಡುವ ಜಾಗದಲ್ಲಿ ನಿಂತು ಅಜ್ಜಿ ಅದನ್ನು ಹೇಗೆ ಆಡುತ್ತಾಳೆ? ಅವಳು ಅಪ್ಪನ ಮುಖ ನೋಡಿದಳು, ಅಪ್ಪ ಅವ್ವನ ಮುಖ ನೋಡಿದ, ಅವ್ವ ಗೋಡೆ ನೋಡುತ್ತಿದ್ದಳು. ಎಲ್ಲಿ ಯಾವ ಮೊಳೆ ಹೊಡೆಯುವುದು ಎಂಬುದಷ್ಟೇ ಅವಳ ತಲೆಯಲ್ಲಿತ್ತು ಎಂದು ಆಮೇಲೆ ಅವಳೇ ಒಪ್ಪಿಕೊಂಡಳು. ಮಡಿಗೆ ಹೆದರಿ ಬಾಯಿ ಕಟ್ಟಿಕೊಂಡು ಮನೆ ಕೊಂಡವರು ಈ ಜಿಲ್ಲೆಯಲ್ಲಿ ನಾವೇ ಇರಬೇಕು.

ಅಯ್ನೋರನ್ನು ಕರೆಸಿ, ಪಾದಪೂಜೆ ಮಾಡಿ, ಹೊಸ ಒಲೆಯಲ್ಲಿ ಹಾಲು ಉಕ್ಕಿಸಿ ಮನೆ ಸೇರಿದೆವು. ಬಂದವರು ಊಟ ಮಾಡಿ ಹೋದದ್ದೇ ತಡ, ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುತ್ತಿಗೆ ತೆಗೆದುಕೊಂಡಳು. ಮೊದಲನೇ ಮೊಳೆ ನಡುಮನೆಯಲ್ಲಿ ಕ್ಯಾಲೆಂಡರಿಗೆ. ಅದು ಸೊಟ್ಟಗಾಯಿತು. ಕಿತ್ತು ಪಕ್ಕದಲ್ಲಿ ಇನ್ನೊಂದು ಹೊಡೆದಳು. ಎರಡನೆಯದು ಕನ್ನಡಿಗೆ, ಅವಳು ನಿಂತರೆ ಮುಖ ಕಾಣುವ ಎತ್ತರಕ್ಕೆ ಸರಿಯಾಗಿ. ಆಮೇಲೆ ಅಪ್ಪನ ಅಂಗಿಗೆ, ನನ್ನ ಸ್ಕೂಲ್ ಚೀಲಕ್ಕೆ, ಜರಡಿಗೆ, ಮೊರಕ್ಕೆ, ಕೊನೆಗೆ ಏನೂ ತೂಗುಹಾಕಲು ಇಲ್ಲದ ಕಡೆಯೂ ಒಂದೆರಡು. ಅವಳು ಅಷ್ಟು ನಗುತ್ತಿದ್ದುದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಅಜ್ಜಿಯ ಪತ್ರೆ ಬುಟ್ಟಿಗೆ ಈಶಾನ್ಯದ ಪೂಜೆಯ ಕೋಣೆಯಲ್ಲೂ ಒಂದು ಹೊಡೆಯಲು ಹೋದಾಗ ಅಜ್ಜಿ ತಡೆದಳು.

"ನನ್ ಕೋಣೆಗೆ ಈಗ್ಲೇ ಬ್ಯಾಡ. ಒಂದು ಮಳೆಗಾಲ ಕಳೀಲಿ, ಆಮೇಲೆ ನೋಡನ."

ಮಳೆಗಾಲ ಜೂನಿನಲ್ಲಿ ಶುರುವಾಯಿತು. ಮೊದಲ ಎರಡು ದಿನ ಏನೂ ಇರಲಿಲ್ಲ. ಹೆಂಚಿನಿಂದ ಒಂದು ತೊಟ್ಟೂ ಸೋರಲಿಲ್ಲ ಎಂದು ಅಪ್ಪ ಬೀಗುತ್ತಿದ್ದ. ಮೂರನೇ ದಿನ ಈಶಾನ್ಯದ ಕೋಣೆಯ ಒಂದು ಗೋಡೆ ಬೆವರತೊಡಗಿತು. ಬೇರೆ ಗೋಡೆಗಳೆಲ್ಲ ಒಣಗಿರುವಾಗ ಅದೊಂದೇ, ಬುಡದಿಂದ ನನ್ನ ಎದೆಯೆತ್ತರಕ್ಕೆ. ಸುಣ್ಣ ಉಬ್ಬಿ ಚಕ್ಕೆ ಚಕ್ಕೆಯಾಗಿ ಬಿತ್ತು, ಒಳಗೆ ಬಿಳಿಯ ಪುಡಿ ಹೂಬಿಟ್ಟಿತು. ಅದರ ಜೊತೆಗೆ ಆ ವಾಸನೆ. ಮೊದಲು ಒದ್ದೆ ಗೋಣಿಯದ್ದು ಅಂದುಕೊಂಡೆವು. ಐದನೇ ದಿನ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಇಪ್ಪತ್ತು ವರ್ಷ ಆ ಗೋಡೆಗೆ ಒರಗಿಸಿಟ್ಟ ಉಪ್ಪುಮೀನಿನ ಬುಟ್ಟಿಗಳು ಎಲ್ಲಿಗೂ ಹೋಗಿರಲಿಲ್ಲ, ಗೋಡೆಯ ಒಳಗೇ ಇದ್ದವು.

ಅಜ್ಜಿ ಪೂಜೆಯ ಮಧ್ಯದಲ್ಲೇ ಎದ್ದು ಹೊರಗೆ ಬಂದಳು. ಅವಳ ಪೂಜೆ ಅರ್ಧಕ್ಕೆ ನಿಂತದ್ದು ನಾನು ಕಂಡದ್ದು ಅದೊಂದೇ ಸಲ. ಲಿಂಗವನ್ನು ಮುಷ್ಟಿಯಲ್ಲಿ ಮುಚ್ಚಿ ಎದೆಗೆ ಒತ್ತಿಕೊಂಡಿದ್ದಳು. ಅಪ್ಪನಿಗೆ ಒಂದೇ ಮಾತು ಹೇಳಿದಳು.

"ಮಗ, ಇದು ಅದ್ರ ವಾಸ್ನೆ ಕಣಪ್ಪ."

ಆ ದಿನ ಅವಳು ಊಟ ಮಾಡಲಿಲ್ಲ. ಮಾರನೇ ದಿನದಿಂದ ಜಗುಲಿಯ ಮೂಲೆಯಲ್ಲಿ ಇರಚಲು ಬೀಳದ ಕಡೆ ಮಣೆ ಹಾಕಿ, ಹಾದಿಗೆ ಬೆನ್ನು ಮಾಡಿ ಪೂಜೆಗೆ ಕೂತಳು. ಹಾದುಹೋಗುವವರು ಕೊಡೆ ಸರಿಸಿ ನೋಡುತ್ತಿದ್ದರು. ಅಪ್ಪನಿಗೆ ನಾಚಿಕೆಯಾಯಿತು, ನಾಚಿಕೆಯಾದರೆ ಅವನಿಗೆ ಸಿಟ್ಟು ಬರುತ್ತಿತ್ತು. ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣ, ತೊಟ್ಟಿ ಎಲ್ಲ ಸಿಮೆಂಟು. ಸಿಮೆಂಟಿಗೆ ಬಗ್ಗದ ವಸ್ತು ಇಲ್ಲ ಎಂಬುದು ಅವನ ನಂಬಿಕೆ. ಆಗಸ್ಟಿನಲ್ಲಿ ನಾಲ್ಕು ದಿನ ಮಳೆ ಬಿಟ್ಟಾಗ ಆ ಗೋಡೆಗೆ ಎರಡು ಬೆರಳು ದಪ್ಪ ಸಿಮೆಂಟ್ ಬಳಿಸಿದ. ಗೋಡೆ ಬೂದಿ ಬಣ್ಣಕ್ಕೆ ತಿರುಗಿ ನಯವಾಗಿ ಕೂತಿತು. ಮೂರು ವಾರ ಕಳೆಯುವಷ್ಟರಲ್ಲಿ ವಾಸನೆ ಸಿಮೆಂಟಿನ ಮೇಲಕ್ಕೆ ಹತ್ತಿ, ಮೂಲೆ ತಿರುಗಿ, ಅಡುಗೆಮನೆಯ ಗೋಡೆಯಲ್ಲಿ ಕಾಣಿಸಿಕೊಂಡಿತು. ಅವ್ವ ಮೊರ ತೂಗುಹಾಕಿದ್ದ ಮೊಳೆ ತುಕ್ಕು ಹಿಡಿದು ಕಳಚಿ ಬಿತ್ತು.

ಗೌರಿಹಬ್ಬ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತಿದ್ದಾಗ ಅಜ್ಜಿ ತನ್ನ ತೀರ್ಮಾನ ಹೇಳಿದಳು. ಕೂಗಾಡಲಿಲ್ಲ. ಅನ್ನಕ್ಕೆ ಸಾರು ಕಲಸುತ್ತಲೇ ಹೇಳಿದಳು.

"ಮುಂದಿನ ಮಳೆಗೂ ಇದು ಹಿಂಗೇ ಇದ್ರೆ ನಾನು ಕೊಡ್ಲಿಪೇಟೆಗೆ ಹೋಯ್ತೀನಿ. ಲಿಂಗ ಕಟ್ಕೊಂಡು ಜಗುಲೀಲಿ ಎಷ್ಟ್ ದಿನ ಕೂರನ?"

ಕೊಡ್ಲಿಪೇಟೆಯಲ್ಲಿ ಚಿಕ್ಕಪ್ಪ ಇದ್ದ. ತಾಯಿ ಹಿರಿಯ ಮಗನ ಸ್ವಂತ ಮನೆ ಬಿಟ್ಟು ಕಿರಿಯವನಲ್ಲಿಗೆ ಹೋದಳು ಎಂದರೆ ಊರು ಏನನ್ನುತ್ತದೆ ಎಂದು ಅಪ್ಪ ಅನ್ನ ಬಿಟ್ಟು ಎದ್ದ. ಅವಳು ಹೋಗುವ ಹಾಗಾದರೆ ಈ ಮನೆಯನ್ನೇ ಮಾರುತ್ತೇನೆ, ಎಸ್ಟೇಟಿನವರು ಹಳೇ ಕ್ವಾರ್ಟರ್ಸ್ ಖಾಲಿ ಇದೆ, ಬಾ ಎಂದು ಹೇಳಿಕಳಿಸಿದ್ದಾರೆ ಎಂದ. ಕೈ ತೊಳೆಯಲು ನಾನು ಎದ್ದಾಗ ಅವ್ವ ನಡುಮನೆಯಲ್ಲಿ ಕನ್ನಡಿಯ ಮುಂದೆ ನಿಂತಿದ್ದಳು. ಮುಖ ನೋಡಿಕೊಳ್ಳುತ್ತಿರಲಿಲ್ಲ, ಕನ್ನಡಿಯ ಮೊಳೆಯನ್ನು ಹಿಡಿದುಕೊಂಡಿದ್ದಳು. ಮತ್ತೆ ಅಕ್ಕಿ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂರುವ ಅವ್ವ ನನ್ನ ಕಣ್ಣ ಮುಂದೆ ಬಂದಳು. ನನಗೆ ಅಳು ಬಂತು. ಅಜ್ಜಿಯ ಮೇಲೆ, ಅಪ್ಪನ ಮೇಲೆ, ಸಮುದ್ರದ ಮೇಲೆ ಕೂಡ ಸಿಟ್ಟು ಬಂತು.

ಮುಂದಿನ ಸೋಮವಾರ ಅವ್ವ ನನ್ನ ಕೈ ಹಿಡಿದು ಸಂತೆಗೆ ಹೊರಟಳು. ಸೊಪ್ಪಿನವರನ್ನು ದಾಟಿ, ಬಾಳೆಗೊನೆಯವರನ್ನು ದಾಟಿ, ನೇರವಾಗಿ 'ಅದರ ಬೀದಿ'ಗೆ ನಡೆದಳು. ಹಣೆಯ ತುಂಬ ವಿಭೂತಿ ಹಚ್ಚಿದ ಹೆಂಗಸು ಒಣಮೀನಿನ ರಾಶಿಯ ಮುಂದೆ ನಿಂತರೆ ನೋಡದವರು ಯಾರು? ನಮ್ಮ ಬೀದಿಯ ಇಬ್ಬರು ಹೆಂಗಸರು ಎದುರಿಗೇ ಕಂಡು ತಲೆ ತಿರುಗಿಸಿಕೊಂಡರು. ನಾನು ಅವ್ವನ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅವ್ವ ನನ್ನ ಕೈಮೇಲೆ ಒಂದೇಟು ಕೊಟ್ಟಳು.

"ಮೂಗು ಬಿಡು. ಅವ್ರ ಹತ್ರ ಕೇಳಾಕೆ ಬಂದಿರಾದು ನಾವು."

ವಾಸಣ್ಣನ ಜಾಗದಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದವರು ಅವರ ಕಡೆಯವರೇ. ಅವ್ವ ಮನೆಯ ಸಂಗತಿ ಹೇಳಿ, ಗಿರಿಜಕ್ಕನಿಗೆ ಒಂದು ಮಾತು ಮುಟ್ಟಿಸಿ ಎಂದು ಬೇಡಿಕೊಂಡಳು. ಮೀನಿನ ಲಾರಿಯಲ್ಲಿ ಆ ಮಾತು ಘಟ್ಟ ಇಳಿದು ಹೋಯಿತು. ಎಷ್ಟೋ ಸೋಮವಾರ ಕಳೆದರೂ ಉತ್ತರವಿಲ್ಲ. ಅವ್ವ ಆಸೆ ಬಿಟ್ಟಿದ್ದಳು. ಆದರೆ ಪಿಕ್ಕಿಂಗ್ ಶುರುವಾಗಿ ಊರೆಲ್ಲ ಕಾಫಿ ಹಣ್ಣಿನ ಜೀಪುಗಳೇ ಓಡಾಡುತ್ತಿದ್ದ ಕಾಲದಲ್ಲಿ, ಒಂದು ಬೆಳಗ್ಗೆ ಗಿರಿಜಕ್ಕ ಕೈಚೀಲ ಹಿಡಿದು ನಮ್ಮ ಜಗುಲಿಯ ಮುಂದೆ ನಿಂತಿದ್ದರು. ತಮ್ಮದೇ ಆಗಿದ್ದ ಮನೆಯ ಮೆಟ್ಟಿಲು ಹತ್ತಲು ನಮ್ಮ ಅಪ್ಪಣೆಗೆ ಕಾಯುತ್ತಿದ್ದರು.

ಅಜ್ಜಿ ನಡುಮನೆಯ ಬಾಗಿಲ ಹಿಂದೆ ಸರಿದು ಕೂತಳು. ಅವ್ವ ಗಿರಿಜಕ್ಕನಿಗೆ ಕಾಫಿ ಕೊಟ್ಟಳು, ಬೇರೆಯಾಗಿ ಇಟ್ಟಿದ್ದ ಒಂದು ಲೋಟದಲ್ಲಿ. ಅದನ್ನು ಹೇಳಲು ಈಗ ನನಗೆ ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಸುಳ್ಳಾಗುತ್ತದೆ. ಗಿರಿಜಕ್ಕನಿಗೆ ಅದು ತಿಳಿಯಿತು. ಕುಡಿದು, ತಾವೇ ಲೋಟ ತೊಳೆದು, ಜಗುಲಿಯ ಅಂಚಿಗೆ ಕವುಚಿ ಇಟ್ಟರು. ಆಮೇಲೆ ಎದ್ದು ಕೋಣೆಗೆ ಹೋಗಿ ಗೋಡೆ ನೋಡಿ ತಲೆಗೆ ಕೈ ಹಚ್ಚಿಕೊಂಡರು.

"ಸಿಮೆಂಟ್ ಯಾಕೆ ಹಾಕಿದ್ದು ಮಾರಾಯ್ತಿ? ಉಪ್ಪಿಗೆ ಹೊರಗೆ ಬರ್ಲಿಕ್ಕೆ ದಾರಿ ಬೇಡ್ವಾ? ನಮ್ಮಲ್ಲಿ ಕಡಲ ಗಾಳಿ ವರ್ಷ ಇಡೀ ಗೋಡೆಗೆ ಉಪ್ಪು ತಂದು ಹಾಕ್ತದೆ. ಅದನ್ನು ಮುಚ್ಚಿದ್ರೆ ಗೋಡೆಯನ್ನೇ ತಿಂತದೆ. ನಾವು ಗೋಡೆಗೆ ನೀರು ಚಿಮುಕಿಸಿ ಮಣ್ಣು ಮೆತ್ತುದು. ಮಣ್ಣು ಒಣಗ್ತಾ ಒಣಗ್ತಾ ಉಪ್ಪು ಕುಡಿತದೆ. ಆಮೇಲೆ ಕೆರೆದು ದೂರ ಬಿಸಾಡಿ, ಪುನಃ ಮೆತ್ತುದು."

ಎಷ್ಟು ಸಲ ಹೀಗೆ ಮಾಡಬೇಕು ಎಂದು ಅವ್ವ ಕೇಳಿದಳು. ಗಿರಿಜಕ್ಕ ಸಿಮೆಂಟ್ ಬಿಟ್ಟುಕೊಂಡಿದ್ದ ಕಡೆ ಗೋಡೆಗೆ ಬೆರಳು ಒತ್ತಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡರು.

"ನಾಲಿಗೆಗೆ ಉಪ್ಪು ಹತ್ತುದು ನಿಲ್ಲುವಷ್ಟು ಸಲ."

ಎರಡು ದಿನ ಅವರು ಊರಿನಲ್ಲಿ ತಮ್ಮ ಪರಿಚಯದವರ ಮನೆಯಲ್ಲಿ ಇಳಿದುಕೊಂಡು, ಹಗಲು ನಮ್ಮಲ್ಲಿಗೆ ಬಂದು ಮಣ್ಣಿಗೆ ಎಷ್ಟು ಹೊಟ್ಟು, ಎಷ್ಟು ನೀರು ಎಂದು ಕೈಯಾರೆ ಕಲಸಿ ತೋರಿಸಿದರು. ತಮ್ಮ ಹಳೇ ಮನೆಯ ಕಡಲ ಕಡೆಯ ಗೋಡೆಗೆ ಅತ್ತೆ, ಅವರ ಅತ್ತೆ ಎಲ್ಲರೂ ಹೀಗೆಯೇ ಮಣ್ಣು ಮೆತ್ತಿದವರು, ಈಗ ತಮ್ಮ ಸರದಿ ಎಂದರು. ಹೊರಡುವಾಗ ನಡುಮನೆಯ ಬಾಗಿಲ ಕಡೆ ತಿರುಗಿ, ಕಾಣದ ಅಜ್ಜಿಗೆ ಹೇಳಿದರು.

"ಅಮ್ಮ, ನಾವು ಹೇಳ್ಬೇಕಿತ್ತು. ನೀವು ಬಿಡಿಸಿ ಕೇಳ್ಲಿಲ್ಲ. ಹೇಳಿದ್ರೆ ಎಲ್ಲಿ ಮನೆ ಬೇಡ ಅಂತೀರೋ ಅಂತ ನಾವೂ ಸುಮ್ಮನಾದೆವು. ಅದು ನಮ್ಮ ತಪ್ಪು."

ಅಜ್ಜಿ ಬಾಗಿಲ ಹಿಂದಿನಿಂದಲೇ, ಉಂಡುಕೊಂಡು ಹೋಗಲಿ, ಬಸ್ಸಿಗಿನ್ನೂ ಹೊತ್ತಿದೆ ಎಂದು ಅವ್ವನಿಗೆ ಹೇಳಿದಳು.

ಸಿಮೆಂಟು ಬಳಿಸುವಷ್ಟು ಸುಲಭವಾಗಿ ಬಿಡುವುದಿಲ್ಲ. ಅವ್ವ ಉಳಿ ಹಿಡಿದು ಎರಡು ದಿನ ಕುಟ್ಟಿ ಒಂದು ಮೊಳದಷ್ಟು ಕಿತ್ತಳು. ಅಪ್ಪ ನೋಡಿಯೂ ನೋಡದವನ ಹಾಗಿದ್ದ. ಭಾನುವಾರ ಬೆಳಗ್ಗೆ ನಾನು ಎದ್ದಾಗ ಕೋಣೆಯಿಂದ ಟಣ್ ಟಣ್ ಸದ್ದು ಬರುತ್ತಿತ್ತು. ಅಪ್ಪ ಬನಿಯನ್ನಿನಲ್ಲಿ ಕುಕ್ಕರಗಾಲಲ್ಲಿ ಕೂತು, ತಾನೇ ಬಳಿಸಿದ್ದನ್ನು ತಾನೇ ಒಡೆಯುತ್ತಿದ್ದ. ಯಾರೂ ಅವನನ್ನು ಮಾತಾಡಿಸಲಿಲ್ಲ. ಮಾತಾಡಿಸಿದರೆ ಎದ್ದು ಹೋಗುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು. ನಾಲ್ಕು ಭಾನುವಾರ ಒಡೆದ.

ಸಿಮೆಂಟ್ ಪೂರ್ತಿ ಹೋದ ಮೇಲೆ ಮೊದಲ ಸಲ ಮಣ್ಣು ಮೆತ್ತಿದೆವು. ಗದ್ದೆಯಿಂದ ಮಣ್ಣು ತರುವುದು, ಕಾಲಲ್ಲಿ ತುಳಿಯುವುದು ನನ್ನ ಕೆಲಸ, ಮೆತ್ತುವುದು ಅವ್ವನದು. ಹದಿನೈದು ದಿನಕ್ಕೆ ಒಣಗಿ ಬಿರುಕು ಬಿಟ್ಟಾಗ ಅದರ ಮೇಲೆ ಬಿಳಿಯ ಪುಡಿ ಬಂದು ಕೂತಿತ್ತು. ಗೋಡೆಯಿಂದ ಹೊರಬಂದ ಉಪ್ಪನ್ನು ಕಣ್ಣಾರೆ ಕಂಡ ಆ ದಿನ ಅವ್ವ ನನ್ನನ್ನು ತಬ್ಬಿಕೊಂಡಳು, ಇಬ್ಬರ ಮೈಯೂ ಮಣ್ಣಾಯಿತು. ಕೆರೆದ ಮಣ್ಣನ್ನು ಹಾದಿಯಾಚೆಯ ಕಲ್ಲುಗುಂಡಿಗೆ ಹಾಕಿ ಬರಬೇಕಿತ್ತು. ನಾನು ಸೋಮಾರಿತನಕ್ಕೆ ಒಂದು ಬುಟ್ಟಿ ದಾಸವಾಳದ ಬುಡಕ್ಕೆ ಸುರಿದೆ. ತಿಂಗಳೊಳಗೆ ಅದು ಒಣಗಿ ಕಡ್ಡಿಯಾಯಿತು. ಹುಳ ಬಿದ್ದಿರಬೇಕು ಎಂದು ಅವ್ವ ಅಂದಾಗ ನಾನು ತಲೆಯಾಡಿಸಿದ್ದೆ.

ಎರಡನೇ ಸಲ ಕೆರೆದ ದಿನ ದೊಡ್ಡ ಗಲಾಟೆಯಾಯಿತು. ಉಪ್ಪು ಎಷ್ಟು ಉಳಿದಿದೆ ನೋಡಲು ಅವ್ವ ಗೋಡೆಗೆ ಬೆರಳೊತ್ತಿ ನಾಲಿಗೆಗೆ ಹಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಅದನ್ನು ನೋಡಿಬಿಟ್ಟಳು. 'ಅದು' ಇದ್ದ ಗೋಡೆಯನ್ನು ಬಾಯಿಗೆ ಇಟ್ಟುಕೊಂಡವಳ ಕೈಯಡುಗೆ ತನಗೆ ಬೇಡ ಎಂದಳು. ಜಗುಲಿಯಲ್ಲಿ ಮೂರು ಕಲ್ಲು ಹೂಡಿ ತಾನೇ ಗಂಜಿ ಬೇಯಿಸಿಕೊಳ್ಳತೊಡಗಿದಳು. ಒಂದು ದಿನ, ಎರಡು ದಿನ, ಮೂರು ದಿನ. ಮೂರನೇ ದಿನ ಅವ್ವ ಜಗುಲಿಗೆ ಬಂದು ಅವಳ ಎದುರು ನೆಲದ ಮೇಲೆ ಕೂತಳು. ಅವ್ವ ಅತ್ತೆಯ ಎದುರು ಹಾಗೆ ಕೂತು ಮಾತಾಡಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

"ಅತ್ತೆಮ್ಮ, ಹನ್ನೊಂದ್ ವರ್ಷ ಒಂದ್ ಮೊಳೆ ಹೊಡೀದಂಗೆ ಇನ್ನೊಬ್ರ ಗೋಡೆ ಕಾಯ್ದಿದ್ದೀನಿ. ಇದು ನಮ್ದು. ನಮ್ದು ಅಂದ್ಮೇಲೆ ಇದ್ರಲ್ಲಿರಾ ಉಪ್ಪೂ ನಮ್ದೇ. ನೀವು ಹೇಳಿದ್ರೆ ನಾಲಿಗೆ ನೂರ್ ಸಲ ತೊಳ್ಕತೀನಿ. ಮನೆ ಮಾತ್ರ ಬಿಡಾಕಿಲ್ಲ. ನೀವು ಬಿಟ್ಟು ಹೋಗಾದೂ ನಂಗೆ ಬ್ಯಾಡ."

ಅಜ್ಜಿ ಗಂಜಿ ತಿರುವುತ್ತಲೇ ಇದ್ದಳು. ನಾಲ್ಕನೇ ದಿನ ಮಧ್ಯಾಹ್ನ ತಾನೇ ಒಳಗೆ ಬಂದು ತನ್ನ ತಟ್ಟೆಯ ಮುಂದೆ ಕೂತಳು, ಅವ್ವ ರೊಟ್ಟಿ ಹಾಕಿದಳು.

ಮೂರನೇ ಸಲದ ಮಣ್ಣು ಒಣಗುವಾಗ ಹೂಮಳೆ ಬಿತ್ತು. ಎಂಟು ದಿನಕ್ಕೆ ಸುತ್ತಲಿನ ತೋಟಗಳೆಲ್ಲ ಬೆಳ್ಳಗೆ ಹೂಬಿಟ್ಟು ಊರಿಗೆ ಊರೇ ಕಾಫಿ ಹೂವಿನ ಘಮದಲ್ಲಿ ಮುಳುಗಿತು. ಅಪ್ಪ ಖುಷಿಯಿಂದ ಕೋಣೆಯ ಬಾಗಿಲು ತೆರೆದು, ಈಗ ಮೂಸಿ ನೋಡು ಎಂದು ಅಜ್ಜಿಯನ್ನು ಕರೆದ. ಅಜ್ಜಿ ಮೋಸ ಹೋಗುವವಳೇ? ಈ ಹೂವಿನಲ್ಲಿ ದನದ ಹಟ್ಟಿಯೂ ಘಮ್ಮೆನ್ನುತ್ತದೆ, ಇದು ಲೆಕ್ಕಕ್ಕಿಲ್ಲ, ಮಳೆ ಬರಲಿ ಎಂದಳು. ಮೂರನೇ ಮಣ್ಣು ಕೆರೆದು, ಮತ್ತೊಂದು ತೆಳುವಾದ ಮಣ್ಣಿನ ಲೇಪ ಕೊಟ್ಟು, ಅದರ ಮೇಲೆ ಸುಣ್ಣ ಹೊಡೆದೆವು. ಆ ಲೇಪವನ್ನು ಪ್ರತಿ ಬೇಸಿಗೆಯಲ್ಲೂ ಕೆರೆದು ಹೊಸದು ಕೊಡಬೇಕು ಎಂದು ಗಿರಿಜಕ್ಕ ಹೇಳಿಹೋಗಿದ್ದರು. ರಫೀಕನೊಡನೆ ನನ್ನ ಜಗಳ ಅದೇ.

ಜೂನ್ ಬಂತು. ಅಜ್ಜಿ ತನ್ನ ಟ್ರಂಕಿಗೆ ಸೀರೆ ತುಂಬಿ ಜಗುಲಿಯಲ್ಲಿ ಇಟ್ಟಳು. ಒಂದು ವಾರ ಮಳೆ ಹಿಡಿದ ಮೇಲೆ ಚಿಕ್ಕಪ್ಪ ಬರುವುದು, ಅಷ್ಟರಲ್ಲಿ ಗೋಡೆ ಏನು ಹೇಳುತ್ತದೋ ನೋಡುವುದು ಎಂದು ಮಾತಾಗಿತ್ತು. ಆ ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಶಾಲೆಯಿಂದ ಬಂದ ಕೂಡಲೇ ನಾನು ಕೊಡೆ ಬಿಸಾಡಿ ಆ ಗೋಡೆ ಮುಟ್ಟಿ ನೋಡುತ್ತಿದ್ದೆ. ಬುಡದಲ್ಲಿ ಒಂದು ಗೇಣು ತೇವ ಬಂತು, ಅದಕ್ಕಿಂತ ಮೇಲೆ ಹತ್ತಲಿಲ್ಲ. ವಾಸನೆಯ ಬಗ್ಗೆ ಒಬ್ಬರನ್ನೊಬ್ಬರು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಏಳನೇ ದಿನ ಬೆಳಗ್ಗೆ ಅಜ್ಜಿ ಸ್ನಾನ ಮಾಡಿ ಬಂದವಳು ಜಗುಲಿಯ ಕಡೆ ತಿರುಗಲಿಲ್ಲ. ಮಣೆ ಹಿಡಿದುಕೊಂಡು ಈಶಾನ್ಯದ ಕೋಣೆಗೆ ನಡೆದಳು. ನಾವು ಮೂವರೂ ಬಾಗಿಲಾಚೆ ನಿಂತೆವು. ಅವಳು ಆ ಗೋಡೆಯ ಮುಂದೆ ಹೋಗಿ ನಿಂತಳು. ಆಮೇಲೆ ಬಗ್ಗಿ, ಬುಡದ ಹತ್ತಿರ ಬೆರಳೊತ್ತಿ, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡಳು. ಅವ್ವ ನನ್ನ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಸಂಜೆಯ ತನಕ ನೋಯುತ್ತಿತ್ತು. ಅಜ್ಜಿ ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಕಿಟಕಿಯಾಚೆ ಉಗುಳಿದಳು. ಮಣೆ ಹಾಕಿ ಕೂತಳು. ಕೊರಳಿನಿಂದ ಲಿಂಗ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಪೂಜೆ ಪೂರ್ತಿಯಾಯಿತು. ಎದ್ದು ಬಂದು ಅವ್ವನಿಗೆ ಹೇಳಿದಳು.

"ವಾಸ್ನೆ ಗೀಸ್ನೆ ಏನಿಲ್ಲ. ರೊಟ್ಟಿ ಹಾಕು."

ಅವ್ವ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಾ ಅತ್ತಳು. ಅಪ್ಪ ಕೊಡೆ ಮರೆತು ಗೋದಾಮಿಗೆ ಹೋದ. ಅಜ್ಜಿಯ ಟ್ರಂಕನ್ನು ಒಳಗೆ ತರಲು ನಾನು ಒಂದು ಹಿಡಿ ಹಿಡಿದೆ, ಅವಳು ಇನ್ನೊಂದು ಹಿಡಿ. ಅದನ್ನು ಆ ಕೋಣೆಯಲ್ಲೇ, ಎದುರಿನ ಗೋಡೆಯ ಪಕ್ಕಕ್ಕೆ ಇಡಿಸಿದಳು. ಅಡುಗೆಮನೆಯಲ್ಲಿ ಅವ್ವ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಅಜ್ಜಿ ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದು ನನ್ನನ್ನು ಹತ್ತಿರ ಕರೆದಳು.

"ಕೂಸೆ, ನಿಂಗೆ ವಾಸ್ನೆ ಬತ್ತದಾ?"

ಅವಳ ಮೂಗಿನ ಮುಂದೆ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಒಂಚೂರು ಬರುತ್ತದೆ ಎಂದೆ.

"ನಂಗೂ ಬತ್ತದೆ. ನಿಮ್ಮವ್ವಂಗೆ ಹೇಳ್ಬ್ಯಾಡ. ಹೋಗು, ಸುತ್ತಿಗೆ ತಕ್ಕಬಾ. ನನ್ ಪತ್ರೆ ಬುಟ್ಟಿಗೆ ಇಲ್ಲೊಂದು ಮೊಳೆ ಹೊಡಿ."